ಮನೆಗೆಲಸದ ಪಾಠ: ಎರಡು ಬಾರಿ ಕಲಿಸಿದ್ದು

ಬೋಧನಾಭ್ಯಾಸದಲ್ಲಿ ನನ್ನ ಏಳನೆಯ ಪಾಠ ಮೂರನೆಯ ತರಗತಿಯ ಪರಿಸರ ಅಧ್ಯಯನ. ‘ವಿದ್ಯಾರ್ಥಿಗಳು ಮನೆಗೆಲಸದಲ್ಲಿ ತಾಯಿಗೆ ನೆರವಾಗುವ ಮನೋಭಾವ ಬೆಳೆಸಿಕೊಳ್ಳುವರು’ ಎಂದು ಪಾಠಯೋಜನೆಯಲ್ಲಿ ಉದ್ದೇಶ ಬರೆದುಕೊಂಡಿದ್ದೆ. ಕಲಿಕೋಪಕರಣ ಒಂದು ಚಿತ್ರಪಟ. ಅಮ್ಮ ಒಲೆಯ ಮುಂದೆ, ಮಗಳ ಕೈಯಲ್ಲಿ ಪೊರಕೆ, ಅಪ್ಪ ಪತ್ರಿಕೆ ಓದುತ್ತಿದ್ದಾನೆ. ಬಿಡಿಸಿದವಳು ನಾನೇ. ಬಿಡಿಸುವಾಗ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ.

ಪೀಠಿಕೆಯಲ್ಲಿ, ‘ಮನೇಲಿ ಅಮ್ಮನಿಗೆ ಯಾರ್ಯಾರು ಸಹಾಯ ಮಾಡ್ತೀರಿ?’ ಎಂದು ಕೇಳಿದೆ. 22 ಮಕ್ಕಳಲ್ಲಿ 21 ಕೈ ಮೇಲೆದ್ದವು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಸುಮ್ಮನೆ ಕೂತಿದ್ದಳು. ‘ನೀನು ಏನೂ ಮಾಡಲ್ವಾ?’ ಎಂದೆ, ಸ್ವಲ್ಪ ಗದರಿಸಿಯೇ.

‘ಸಹಾಯ ಅಲ್ಲ ಮಿಸ್, ನಾನೇ ಮಾಡೋದು.’

ಅವಳ ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತುತ್ತಾರೆ. ನಲ್ಲಿ ನೀರು ಹಿಡಿದು, ಕಸ ಗುಡಿಸಿ, ಪಾತ್ರೆ ತೊಳೆದು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವವಳು ಎಂಟು ವರ್ಷದ ಈ ಮಗು. ಆರನೆಯ ತರಗತಿಯಲ್ಲಿ ಓದುವ ಅಣ್ಣನೂ ಮನೆಯಲ್ಲಿದ್ದಾನೆ. ವೀಕ್ಷಣಾ ಪುಸ್ತಕದಲ್ಲಿ ನನಗೆ ‘ಪೀಠಿಕೆ ಉತ್ತಮ, ಕರಿಹಲಗೆ ಬರವಣಿಗೆ ಸ್ಪಷ್ಟ’ ಎಂಬ ಷರಾ ಸಿಕ್ಕಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಕ್ಕಳಿಗೆ ಮನೆಗೆಲಸ ಕಲಿಸಬೇಕೆಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನಲ್ಲಿ ಆರಂಭಿಸಿದ ಶಿಶುಶಾಲೆಯಲ್ಲಿ ಗುಡಿಸುವುದು, ಒರೆಸುವುದು, ನೀರು ಸುರಿಯುವುದು ಎಲ್ಲವೂ ಕಲಿಕೆಯ ಭಾಗವಾದವು; ಸಾಮಾನುಗಳು ಮಕ್ಕಳ ಕೈಗೆ ಹೊಂದುವ ಅಳತೆಯವು. ನಮ್ಮ ಮನೆಗಳಲ್ಲಿ ಮೂರು ವರ್ಷದ ಕೂಸು ಪೊರಕೆ ಹಿಡಿದು ಹಿಂದೆ ಹಿಂದೆ ಬಂದಾಗ ‘ಬಿಡು, ಕೆಡಿಸ್ತೀಯ’ ಎಂದು ಕಸಿದುಕೊಳ್ಳುತ್ತೇವೆ. ಅದೇ ಮಗು ಹತ್ತು ವರ್ಷಕ್ಕೆ ಕರೆದರೂ ಬರುವುದಿಲ್ಲವೆಂದು ದೂರುತ್ತೇವೆ. ಆದರೆ ಕಲಿಯುವ ಕೆಲಸ ಬೇರೆ, ಹೊರುವ ಹೊರೆ ಬೇರೆ. ನನ್ನ ಪಾಠಯೋಜನೆ ಇವೆರಡನ್ನೂ ‘ಸಹಾಯ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿತ್ತು. ಆ ಪದವೇ ಕೆಲಸವನ್ನೆಲ್ಲ ಅಮ್ಮನದೆಂದು ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ಮಾರ್ಗದರ್ಶಕರ ಅನುಮತಿ ಪಡೆದು ಅದೇ ಪಾಠವನ್ನು ಮರುವಾರ ಮತ್ತೆ ಮಾಡಿದೆ. ಚಿತ್ರಪಟ ಒಯ್ಯಲಿಲ್ಲ. ಅವರೆಕಾಯಿಯ ಕಾಲ, ಎರಡು ಕಿಲೋ ಒಯ್ದು ಐದು ಗುಂಪುಗಳಿಗೆ ಹಂಚಿದೆ. ಬಿಡಿಸು, ಹುಳುಕು ಬೇರೆ ಮಾಡು, ಕಾಳು ಎಣಿಸಿ ಹತ್ತರ ಗುಡ್ಡೆ ಹಾಕು, ಸಿಪ್ಪೆ ಬುಟ್ಟಿಗೆ ತುಂಬು. ‘ಇದು ಹುಡ್ಗೀರ ಕೆಲಸ’ ಎಂದು ಮೂಗು ಮುರಿದವನೊಬ್ಬ ಕಾಯೊಳಗೆ ಹಸಿರು ಹುಳು ಸಿಕ್ಕಿದ ಮೇಲೆ ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ. ಗಣಿತವೂ ಸೇರಿತು. 40 ನಿಮಿಷ ಸಾಲದೆ ಮುಂದಿನ ಅವಧಿಯನ್ನೂ ತರಗತಿ ಶಿಕ್ಷಕಿ ಬಿಟ್ಟುಕೊಟ್ಟರು.

ಆಗ ಕರಿಹಲಗೆಯ ಮೇಲೆ ಮನೆಯ ಹತ್ತು ಕೆಲಸ ಬರೆದು, ಯಾವುದನ್ನು ಯಾರು ಮಾಡುತ್ತಾರೆಂದು ಪ್ರತಿ ಮಗುವಿನಿಂದ ಗೆರೆ ಹಾಕಿಸಿದೆ. ಅಮ್ಮನ ಕಂಬದಲ್ಲಿ ಜಾಗ ಮುಗಿದು ಗೋಡೆಗೆ ಬರೆಯಬೇಕಾಗುತ್ತಿತ್ತು. ಅಣ್ಣ-ತಮ್ಮಂದಿರ ಕಂಬ ಬಹುಪಾಲು ಖಾಲಿ. ನಾನು ಏನೂ ಹೇಳಲಿಲ್ಲ. ಮಕ್ಕಳೇ ನೋಡಿ ನಕ್ಕರು, ಆಮೇಲೆ ಸುಮ್ಮನಾದರು. ಪ್ರತಿಯೊಬ್ಬರೂ ಒಂದೇ ಒಂದು ಕೆಲಸ ಆರಿಸಿಕೊಂಡು ಒಂದು ವಾರ ಮಾಡಬೇಕೆಂಬುದು ಮನೆಪಾಠ. ಒಲೆ, ಈಳಿಗೆಮಣೆ, ಬಾವಿ ಇವು ಬೇಡವೆಂದು ಮೊದಲೇ ಹೇಳಿದ್ದೆ. ಹಿಂದಿನ ಸಾಲಿನ ಹುಡುಗಿಗೆ ಮಾತ್ರ ಬೇರೆ ಮನೆಪಾಠ: ತನ್ನ ಪಟ್ಟಿಯಿಂದ ಒಂದನ್ನು ಅಣ್ಣನಿಗೆ ಬಿಟ್ಟುಕೊಡುವುದು. ಇದು ಮಗುವಿನ ಕೈಯಲ್ಲಾಗುವ ಮಾತಲ್ಲವೆಂದು ಮುಖ್ಯ ಶಿಕ್ಷಕರೇ ಭಾನುವಾರ ಆ ತಾಯಿಯನ್ನು ಕಂಡು ಮಾತಾಡಿದರು.

ವಾರದ ಕೊನೆಗೆ ತಾಯಂದಿರಿಬ್ಬರು ‘ಇವನು ಮಾಡಿದ್ದನ್ನ ನಾನು ಮತ್ತೆ ಮಾಡ್ಬೇಕು’ ಎಂದು ಗೇಟಿನ ಬಳಿ ಗೊಣಗಿದರು. ಅದು ನಿಜವೇ. ನನ್ನ ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ಪ್ರಾರ್ಥನೆಗೆ ಮೊದಲೇ ಬಂದು ನಿಂತಿದ್ದಳು.

‘ಅಣ್ಣ ನೀರು ಹಿಡೀತಾನೆ ಮಿಸ್. ಅರ್ಧ ಬಿಂದಿಗೆ ದಾರೀಲೇ ಚೆಲ್ತಾನೆ’ ಎಂದು ನಕ್ಕಳು.