ಹಳೇ ಪಿಕಪ್ಪು: ಅರ್ಧ ಕೆಲಸ ನಮ್ಮದು, ಅರ್ಧ ಗ್ಯಾರೇಜಿನದು

ತೋಡಾರು, ಮಿಜಾರಿನಿಂದ ಹಿಡಿದು ಬಂಟ್ವಾಳ, ಬೆಳ್ತಂಗಡಿಯ ಒಳರಸ್ತೆಗಳ ತನಕ ಎಷ್ಟೋ ತೋಟದ ಮನೆಗಳಲ್ಲಿ ಒಂದು ಹಳೇ ಗಾಡಿ ಉಂಟು. ಕೆಲವರಲ್ಲಿ ಜೀಪು, ಕೆಲವರಲ್ಲಿ ಪಿಕಪ್ಪು, ಇನ್ನು ಕೆಲವರಲ್ಲಿ 407. ದಿನಾ ಓಡುವುದಿಲ್ಲ. ಆದರೆ ಗೊಬ್ಬರ ತರುವ ದಿನ, ಸೊಪ್ಪು ಹೇರುವ ದಿನ, ತೆಂಗಿನಕಾಯಿ ಸಾಗಿಸುವ ದಿನ ಅದು ಬೇಕೇ ಬೇಕು. ಹೊಸತು ಕೊಳ್ಳಲು ಸಣ್ಣ ಕೃಷಿಕನ ಕೈಯಲ್ಲಿ ದುಡ್ಡಿಲ್ಲ. ಹಳತನ್ನು ಮಾರಿದರೆ ಸಿಗುವುದು ಗುಜರಿ ರೇಟು. ಇದ್ದದ್ದನ್ನು ಓಡಿಸಿಕೊಳ್ಳುವುದೇ ದಾರಿ.

ಗ್ಯಾರೇಜಿನಲ್ಲಿ ಗಾಡಿ ನಾಲ್ಕು ದಿನ ನಿಲ್ಲುವುದು ಬಿಚ್ಚಿ ಕಟ್ಟುವ ಕೆಲಸಕ್ಕಲ್ಲ. ಹೆಚ್ಚಿನ ಸಮಯ ಹೋಗುವುದು ದೋಷ ಎಲ್ಲಿದೆ ಎಂದು ಹುಡುಕುವುದಕ್ಕೆ. ಆ ಹುಡುಕಾಟದ ಅರ್ಧವನ್ನು ನಾವೇ ಮುಗಿಸಿ ಹೋದರೆ ಮೆಕ್ಯಾನಿಕ್ಕೂ ಖುಷಿಯಿಂದ ಸಹಾಯ ಮಾಡುತ್ತಾನೆ, ಖರ್ಚೂ ಇಳಿಯುತ್ತದೆ.

'ದಾನೆ ಆಂಡ್?' ಎಂದು ಕೇಳಿದಾಗ

ಮೆಕ್ಯಾನಿಕ್ಕಿನ ಮೊದಲ ಪ್ರಶ್ನೆ ಇದೇ. ನಮ್ಮ ಉತ್ತರ: "ಏನೋ ಶಬ್ದ ಬರ್ತದೆ ಮಾರಾಯ್ರೆ." ಇದರಿಂದ ಅವನಿಗೆ ಏನೂ ಗೊತ್ತಾಗುವುದಿಲ್ಲ. ಯಾವಾಗ ಬರುತ್ತದೆ? ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಲೋಡಿನಲ್ಲೋ, ಖಾಲಿಯಲ್ಲೋ? ಏರಿನಲ್ಲೋ, ಇಳಿತದಲ್ಲೋ? ಇಷ್ಟು ನೋಡಿಟ್ಟುಕೊಳ್ಳಿ.

ಒಂದು ಉದಾಹರಣೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಶಬ್ದ ಶುರುವಾದರೆ ಸಂಶಯ ಕ್ಲಚ್ಚಿನ ರಿಲೀಸ್ ಬೇರಿಂಗ್ ಮೇಲೆ. ಮೊದಲೇ ಇದ್ದ ಶಬ್ದ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ.

ಹೊಗೆಯೂ ಹಾಗೇ. ಕಪ್ಪು ಹೊಗೆ ಬಂದರೆ ಇಂಜಿನ್ನಿಗೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ಬೇಸಿಗೆಯ ಕೆಂಪು ಧೂಳು ತಿಂದ ಏರ್ ಫಿಲ್ಟರ್ ಮೊದಲು ನೋಡಿ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಮಾತ್ರ ಬಿಳಿ ಹೊಗೆ ಬಂದು ಆಮೇಲೆ ನಿಂತರೆ ಹೀಟರ್ ಪ್ಲಗ್ ಪರೀಕ್ಷಿಸಬೇಕು. ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸಬೇಡಿ. ಸಾವಿರದಲ್ಲಿ ಮುಗಿಯುವ ಕೆಲಸ ಇಂಜಿನ್ನಿಗೇ ಬಂದೀತು.

ಈಗ ಕೈಯಲ್ಲಿ ಮೊಬೈಲ್ ಉಂಟಲ್ಲ, ಶಬ್ದವನ್ನು ರೆಕಾರ್ಡ್ ಮಾಡಿ ಮೆಕ್ಯಾನಿಕ್ಕಿಗೆ ಕಳಿಸಿ. ಏನೇ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ.

ಒಂದು ನೋಟ್ ಪುಸ್ತಕ

ಅಡಿಕೆಗೆ ಯಾವಾಗ ಬೋರ್ಡೋ ಹೊಡೆದದ್ದು ಎಂದು ಬರೆದಿಡುವ ಹಾಗೆ ಗಾಡಿಗೂ ಒಂದು ಪುಸ್ತಕ ಇರಲಿ. ಮೊದಲ ಪುಟದಲ್ಲಿ ಇಂಜಿನ್ ನಂಬ್ರ, ಚಾಸಿಸ್ ನಂಬ್ರ, ತಯಾರಾದ ವರ್ಷ. ಟಾಟಾ 407 ಬಂದದ್ದು 1986ರಲ್ಲಿ. ಅಲ್ಲಿಂದೀಚೆಗೆ ಹೆಸರು ಒಂದೇ ಇದ್ದರೂ ಒಳಗಿನ ಸಾಮಾನು ಬದಲಾಗಿದೆ. ಬರೇ "407ರ ಫಿಲ್ಟರ್ ಕೊಡಿ" ಎಂದರೆ ಅಂಗಡಿಯವನು ಕೊಟ್ಟದ್ದು ಕೂರದೆ ಮಂಗಳೂರಿಗೆ ಎರಡನೇ ಸಲ ಬಸ್ಸು ಹತ್ತಬೇಕಾದೀತು. ಹೋಗುವಾಗ ಹಳೇ ಸಾಮಾನನ್ನು ಒರೆಸಿ ಚೀಲದಲ್ಲಿ ಹಾಕಿಕೊಳ್ಳುವುದೇ ಲೇಸು.

ನಾವೇ ಮಾಡಬಹುದಾದದ್ದು

ಆಯಿಲ್ ಬದಲಿಸುವುದು, ಗ್ರೀಸ್ ಹೊಡೆಯುವುದು, ಬಲ್ಬು, ಫ್ಯೂಸು, ಬ್ಯಾಟರಿ ಟರ್ಮಿನಲ್ ಉಜ್ಜುವುದು. ಸ್ಟಾರ್ಟರ್ 'ಟಕ್' ಎಂದು ಸುಮ್ಮನಾದರೆ ಕೂಡಲೇ ಬ್ಯಾಟರಿ ಕೊಳ್ಳಲು ಓಡಬೇಡಿ. ಬ್ಯಾಟರಿಯಿಂದ ಚಾಸಿಸ್ಸಿಗೆ ಹೋಗುವ ಅರ್ಥಿಂಗ್ ಪಟ್ಟಿಯ ತುಕ್ಕು ಕೆರೆದು, ಬಿಗಿ ಮಾಡಿ ನೋಡಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಇಂಜಿನ್ ನಿಲ್ಲಿಸಿಯೇ ಈ ಪರೀಕ್ಷೆ.

ಕಲಿಯಲೇಬೇಕಾದ ಕೆಲಸ ಏರ್ ತೆಗೆಯುವುದು. ಡೀಸೆಲ್ ಪೂರ್ತಿ ಖಾಲಿಯಾದರೆ ಅಥವಾ ಫಿಲ್ಟರ್ ಬದಲಿಸಿದರೆ ಪೈಪಿನಲ್ಲಿ ಗಾಳಿ ಸೇರಿ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹಳೇ ಪಂಪಿನ ಗಾಡಿಯಲ್ಲಿ ಕ್ರಮ ಹೀಗೆ:

1. ಟ್ಯಾಂಕಿಗೆ ಡೀಸೆಲ್ ಹಾಕಿ. ಫಿಲ್ಟರಿನ ಸುತ್ತ ಮಣ್ಣು ಒರೆಸಿ.

2. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಕೈಪಂಪು ಒತ್ತುತ್ತಾ ಇರಿ.

3. ಮೊದಲು ಗುಳ್ಳೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ, ಪಂಪು ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ.

4. ಇಂಜೆಕ್ಷನ್ ಪಂಪಿನಲ್ಲಿ ಬ್ಲೀಡ್ ಸ್ಕ್ರೂ ಇದ್ದರೆ ಅಲ್ಲಿಯೂ ಹೀಗೆಯೇ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ.

ಇಷ್ಟಾದರೂ ಹೊತ್ತಿಕೊಳ್ಳದಿದ್ದರೆ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಯಿರಿ. ಇಂಜೆಕ್ಟರಿನ ಪೈಪು ಬಿಚ್ಚಲು ಹೋಗಬೇಡಿ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಕಂಪ್ಯೂಟರ್ ಇರುವ ಕಾಮನ್ ರೈಲ್ ಇಂಜಿನ್ನಿಗಂತೂ ಮನೆಯಲ್ಲಿ ಸ್ಪಾನರ್ ಮುಟ್ಟಿಸಲೇಬೇಡಿ. ಅದರ ಒತ್ತಡ ಸಾವಿರ ಬಾರ್ ದಾಟುತ್ತದೆ.

ಕೈ ಹಾಕಬಾರದ್ದು

ಬ್ರೇಕು ಮತ್ತು ಸ್ಟಿಯರಿಂಗ್. ಹಿಂದೆ ಲೋಡು, ಲೋಡಿನ ಬದಿಯಲ್ಲಿ ಕೆಲಸದವರು, ಎದುರಿಗೆ ಇಳಿಜಾರು. ಅಲ್ಲಿ "ನೋಡುವಾ, ಸರಿಯಾದೀತು" ಎಂಬ ಮಾತಿಲ್ಲ. ನಮ್ಮ ಪಾಲಿನ ಕೆಲಸ ಬ್ರೇಕ್ ಆಯಿಲಿನ ಮಟ್ಟ ನೋಡುವುದು, ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಗಾಡಿ ನಿಲ್ಲಿಸುವುದು. ಮಟ್ಟ ಇಳಿದರೆ ಮುಚ್ಚಳದಲ್ಲಿ ಬರೆದ ನಮೂನೆಯದ್ದನ್ನೇ, ಅಂದರೆ ಡಾಟ್ 3 ಎಂದಿದ್ದರೆ ಅದನ್ನೇ, ಹೊಸ ಬಾಟ್ಲಿಯಿಂದ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಬಾಟ್ಲಿ ಕೆಟ್ಟಂತೆಯೇ. ತೇವ ಸೇರಿದ ಆಯಿಲ್ ಉದ್ದದ ಇಳಿತದಲ್ಲಿ ಕಾದು ಕುದಿದರೆ ಪೆಡಲ್ ಟೊಳ್ಳಾಗುತ್ತದೆ. ಇಂಜಿನ್ ಆಯಿಲನ್ನಂತೂ ಅದಕ್ಕೆ ಹಾಕಲೇಬಾರದು; ಒಳಗಿನ ರಬ್ಬರು ಉಬ್ಬಿ ಬ್ರೇಕೇ ಹಿಡಿಯದು.

ಇನ್ನು ಜಾಕಿ. ಬರೇ ಜಾಕಿ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಜಾಕಿಗೆ ಒತ್ತಾಸೆಯಾಗಿ ಮುರಕಲ್ಲು ಇಡುವ ಅಭ್ಯಾಸ ನಮ್ಮಲ್ಲಿದೆ. ಇದು ಬಹಳ ಅಪಾಯ. ಮುರಕಲ್ಲು ಗೋಡೆಗೆ ಸರಿ. ಒಂದೇ ಕಡೆ ಭಾರ ಬಿದ್ದರೆ ಸೂಚನೆ ಕೊಡದೆ ಒಡೆಯುತ್ತದೆ. ಗಟ್ಟಿ ಮರದ ದಿಮ್ಮಿ ಅಥವಾ ಕಬ್ಬಿಣದ ಸ್ಟ್ಯಾಂಡೇ ಆಗಬೇಕು. ನೆಲ ಸಮ ಇರಲಿ, ಎತ್ತದ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್‌ಬ್ರೇಕ್ ನಂಬಬಾರದು. ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸ ಬೇಡ.

ಗಾಡಿಗೂ ಕೊಳೆರೋಗ

ಬೋರ್ಡೋ ದ್ರಾವಣ ಹದವಾಯಿತೋ ಎಂದು ಕಬ್ಬಿಣದ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದು ಲೆಕ್ಕ. ಅದೇ ಮೈಲುತುತ್ತು ಗಾಡಿಯ ತೊಟ್ಟಿಯಲ್ಲಿ ಚೆಲ್ಲಿದರೆ ತಗಡನ್ನೂ ಹಾಗೇ ತಿನ್ನುತ್ತದೆ. ಪೊಟಾಷ್ ಗೊಬ್ಬರದ್ದೂ ಉಪ್ಪಿನ ಗುಣ. ಇವನ್ನು ಹೇರುವಾಗ ಕೆಳಗೆ ಪ್ಲಾಸ್ಟಿಕ್ ಹಾಸಿ, ಸಂಜೆಯೇ ತೊಳೆಯಿರಿ. ತುಕ್ಕು ಹಿಡಿದ ಚಾಸಿಸ್ಸಿಗೆ ವೆಲ್ಡಿಂಗ್ ಮಾಡಿಸುವುದಾದರೆ ಮೊದಲು ಬ್ಯಾಟರಿ ವಯರ್ ಬಿಚ್ಚಿಸಿ.

ಸಹಾಯ ಯಾರಲ್ಲಿ ಕೇಳುವುದು?

ಹಳೇ ಪಂಪಿನ ಇಂಜಿನ್ ಬಲ್ಲ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗುತ್ತಾ ಬಂತು. 2020ರ ಏಪ್ರಿಲಿನಿಂದ ಬಿ.ಎಸ್. 6 ಗಾಡಿಗಳು ಬಂದ ಮೇಲೆ ಹೊಸ ಹುಡುಗರು ಸ್ಕ್ಯಾನರ್ ಹಿಡಿದೇ ಕೆಲಸ ಕಲಿಯುತ್ತಿದ್ದಾರೆ. ಹಿರಿಯರ ಕೈ ಆಡುವಾಗಲೇ ನಾವು ಕಲಿತುಕೊಳ್ಳಬೇಕು.

ಹೀಗೊಂದು ಉಪಾಯ: ನೆರೆಕರೆಯ ಮೂರು ನಾಲ್ಕು ಗಾಡಿಯವರು ಸೇರಿ, ಮೇ ತಿಂಗಳ ಒಂದು ದಿನ ಮೆಕ್ಯಾನಿಕ್ಕನ್ನು ಮನೆಗೇ ಕರೆಯಿರಿ. ಮಳೆಗೆ ಮುಂಚಿನ ತಪಾಸಣೆ ಎಲ್ಲ ಗಾಡಿಗಳಿಗೂ ಒಟ್ಟಿಗೆ ಆಗಲಿ. ಅವನು ಮಾಡುವುದನ್ನು ನೋಡಿ, ಕೇಳಿ, ಬರೆದುಕೊಳ್ಳಿ. ಪೂರ್ತಿ ದಿನದ ಸಂಬಳ ಕೊಡಿ. ಕಲಿಸಿದ್ದಕ್ಕೂ ಬೆಲೆ ಉಂಟು. ಪುಲ್ಲರ್, ಟಾರ್ಕ್ ರೆಂಚಿನಂಥ ದುಬಾರಿ ಸಾಮಾನನ್ನು ಒಟ್ಟಾಗಿ ಕೊಂಡು ಒಂದು ಮನೆಯಲ್ಲಿಡಬಹುದು.

ಊರಿನಲ್ಲಿ ಐ.ಟಿ.ಐ. ಕಲಿಯುವ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ಡೀಸೆಲ್ ಮೆಕ್ಯಾನಿಕ್ ತರಬೇತಿ ಒಂದು ವರ್ಷ, ಮೋಟಾರು ವಾಹನದ್ದು ಎರಡು ವರ್ಷ. ಅವರಿಗೆ ಹಳೇ ಇಂಜಿನ್ ಮುಟ್ಟುವ ಅವಕಾಶ, ನಮಗೆ ಒಂದು ಕೈ ಸಹಾಯ.

ಕಾಗದಪತ್ರ ಮರೆಯಬೇಡಿ. ಖಾಸಗಿ ಗಾಡಿಯ ನೋಂದಣಿಗೆ 15 ವರ್ಷ ತುಂಬಿದರೆ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಸರಕು ಸಾಗಾಟದ ಗಾಡಿಗೆ ಎಂಟು ವರ್ಷದ ನಂತರ ಪ್ರತಿವರ್ಷ ಫಿಟ್‌ನೆಸ್ ಬೇಕು. ತೋಟದೊಳಗೆ ಮಾತ್ರ ಓಡಿಸುವುದು ಎಂದರೂ ಡಾಮರು ರಸ್ತೆ ಮುಟ್ಟದ ಗಾಡಿ ನಮ್ಮಲ್ಲಿ ಎಷ್ಟು ಉಂಟು?

ಈ ಮಳೆಗೆ ಮುಂಚೆ ಒಂದು ನೋಟ್ ಪುಸ್ತಕ, ಎರಡು ಗಟ್ಟಿ ದಿಮ್ಮಿ, ಒಂದು ಬಾಟ್ಲಿ ಹೊಸ ಬ್ರೇಕ್ ಆಯಿಲ್, ಇಷ್ಟು ಮಾಡಿಟ್ಟುಕೊಳ್ಳಿ. ಉಳಿದದ್ದು ಮೆಕ್ಯಾನಿಕ್ಕಿನ ಹತ್ತಿರ ಕೇಳಿದರಾಯಿತು. ಸರಿಯಾಗಿ ಕೇಳುವವನಿಗೆ ಇಲ್ಲ ಎನ್ನುವವರು ಕಡಿಮೆ.