ಆಟಿಸಂ ಉಳ್ಳ ಮಕ್ಕಳು ಮತ್ತು ಸಾರ್ವಜನಿಕ ಧನ

ಸರಕಾರದ ಆಯವ್ಯಯವನ್ನು ಕುರಿತು ಓದುವಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ: ಹಣ ಎಷ್ಟು, ಮತ್ತು ಅದು ಯಾವುದಕ್ಕೆ? ಮೂರನೆಯ ಪ್ರಶ್ನೆಯೊಂದಿದೆ, ಅದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಬರುವುದಿಲ್ಲ. ಆ ಹಣ ಯಾವಾಗ ಕೈಸೇರುತ್ತದೆ? ರಸ್ತೆಯ ಕಾಮಗಾರಿ ಒಂದು ವರ್ಷ ತಡವಾದರೆ ಜನರಿಗೆ ತೊಂದರೆಯಾದೀತು. ಆದರೂ ಮುಂದಿನ ವರ್ಷ ರಸ್ತೆ ಬಂದೀತು. ಎರಡು ವರ್ಷದ ಮಗುವಿಗೆ ಸಲ್ಲಬೇಕಾದ ನೆರವು ಆರನೆಯ ವರ್ಷದಲ್ಲಿ ಬಂದರೆ, ಕಳೆದುಹೋದ ನಾಲ್ಕು ವರ್ಷಗಳನ್ನು ಯಾವ ಖಜಾನೆಯೂ ಹಿಂದಕ್ಕೆ ಕೊಡಲಾರದು. ಆಟಿಸಂ ಉಳ್ಳ ಮಕ್ಕಳ ವಿಷಯದಲ್ಲಿ ಈ ಮೂರನೆಯ ಪ್ರಶ್ನೆಯೇ ಮುಖ್ಯವಾದುದೆಂಬುದನ್ನು, ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆಟಿಸಂ ಎಂದರೇನೆಂಬುದನ್ನು ತಿಳಿಯೋಣ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುವರು. ಇದು ಅಂಟುವ ರೋಗವಲ್ಲ. ಔಷಧ ಕೊಟ್ಟು ಹೋಗಲಾಡಿಸಬಹುದಾದ ಬೇನೆಯೂ ಅಲ್ಲ. ಮಿದುಳಿನ ಬೆಳವಣಿಗೆಯೇ ಕೊಂಚ ಬೇರೆ ದಾರಿ ಹಿಡಿದುದರ ಫಲವಿದು. ಇತರರೊಡನೆ ಮಾತು, ನೋಟ, ಸನ್ನೆಗಳಿಂದ ಬೆರೆಯುವುದು ಇಂತಹ ಮಗುವಿಗೆ ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ, ದಿನಚರಿ ಬದಲಾದರೆ ತಳಮಳಗೊಳ್ಳುವ, ಸದ್ದು ಬೆಳಕುಗಳನ್ನು ತಾಳಲಾರದ ಸ್ವಭಾವವೂ ಕಂಡುಬರುತ್ತದೆ. ಕೆಲವರು ಚೆನ್ನಾಗಿ ಓದಿ ಉದ್ಯೋಗ ಹಿಡಿಯುತ್ತಾರೆ. ಕೆಲವರಿಗೆ ಜೀವನಪರ್ಯಂತ ಆಸರೆ ಬೇಕು. ಒಂದು ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸದಿರುವುದು, ಹದಿನಾರು ತಿಂಗಳಾದರೂ ಒಂದು ಮಾತೂ ಬಾರದಿರುವುದು, ಬಂದ ಮಾತು ನಿಂತುಹೋಗುವುದು, ಇವು ಎಚ್ಚರಿಕೆಯ ಚಿಹ್ನೆಗಳು.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ಜಗತ್ತಿಗೆ ಪರಿಚಯಿಸಿದನು. ಅನಂತರದ ಎರಡು ದಶಕಗಳಲ್ಲಿ, ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂಬ ಮಾತು ವಿದ್ವಾಂಸರಲ್ಲಿಯೇ ಹಬ್ಬಿತ್ತು. ಸ್ವತಃ ಅಂತಹ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಬರೆದ ಗ್ರಂಥದಲ್ಲಿ ಈ ವಾದವನ್ನು ಖಂಡಿಸಿ, ಕಾರಣವು ಶರೀರದಲ್ಲಿದೆ, ತಾಯಿಯ ನಡತೆಯಲ್ಲಿ ಅಲ್ಲ ಎಂದು ತೋರಿಸಿದನು. ಈ ಚರಿತ್ರೆ ಹಣದ ಪ್ರಶ್ನೆಗೂ ಸಂಬಂಧಿಸಿದೆ. ತಪ್ಪು ತಾಯಿಯದೆಂದಾದರೆ ಸಮಾಜ ಕೈತೊಳೆದುಕೊಳ್ಳಬಹುದು. ತಪ್ಪು ಯಾರದೂ ಅಲ್ಲವೆಂದಾದರೆ ಹೊಣೆ ಎಲ್ಲರದೂ ಆಗುತ್ತದೆ.

ನಮ್ಮ ದೇಶದ ಶಾಸನಗಳು ಈ ಹೊಣೆಯನ್ನು ಹೊತ್ತದ್ದು ನಿಧಾನವಾಗಿ. 1995ರ ಅಂಗವಿಕಲರ ಅಧಿನಿಯಮ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಅವುಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಲ್ಲಿ ಅದರ ಹೆಸರು ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇಪ್ಪತ್ತೊಂದು ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. 2011ರ ಜನಗಣತಿಯಲ್ಲಿ ಆಟಿಸಂ ಉಳ್ಳವರನ್ನು ಪ್ರತ್ಯೇಕವಾಗಿ ಎಣಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರಲ್ಲಿ ಆಟಿಸಂ ಇತ್ತು. 2011ರ ಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಈ ಪ್ರಮಾಣವನ್ನು ನಮ್ಮ ಜಿಲ್ಲೆಗೆ ಅನ್ವಯಿಸಿದರೆ, ಆಬಾಲವೃದ್ಧರು ಸೇರಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಜನ ಆಗುತ್ತಾರೆ. ಇದು ಲೆಕ್ಕದ ಅಂದಾಜೇ ಹೊರತು ಗಣತಿಯಲ್ಲ. ಆದರೂ ವಿಷಯ ನಾಲ್ಕೈದು ಮನೆಗಳದ್ದಲ್ಲವೆಂಬುದಕ್ಕೆ ಇಷ್ಟು ಸಾಕು.

ಈಗಿರುವ ವ್ಯವಸ್ಥೆ ಹೀಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಸಂದೇಹವಿದ್ದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಆಟಿಸಂ ಇದೆಯೇ, ಎಷ್ಟು ತೀವ್ರ ಎಂಬುದನ್ನು ಅಳೆಯಲು ನಲವತ್ತು ಅಂಶಗಳ ಭಾರತೀಯ ಮಾಪಕವೊಂದಿದೆ. ಅದರಲ್ಲಿ 70 ಅಂಕ ಮುಟ್ಟಿದರೆ ಆಟಿಸಂ ಇದೆಯೆಂದು ಗಣಿಸುವರು. ಆ ಬಳಿಕ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ದೊರೆತರೆ ಮುಖ್ಯ ಸವಲತ್ತುಗಳ ಬಾಗಿಲು ತೆರೆಯುತ್ತದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಸೇರಿದ ವಿಶೇಷ ಅಗತ್ಯವುಳ್ಳ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಅವಕಾಶವಿದೆ. ತಿಂಗಳಿಗೆ ಭಾಗಿಸಿದರೆ ಮುನ್ನೂರು ರೂಪಾಯಿಗೂ ಕಡಿಮೆ.

ಇಲ್ಲಿಯೇ ವಾಚಕರು ಒಂದು ಅಂಶವನ್ನು ಗಮನಿಸಬೇಕು. 2016ರ ಅಧಿನಿಯಮದ 25ನೆಯ ಪ್ರಕರಣವು ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಲು ಕ್ರಮ ಕೈಗೊಳ್ಳುವುದು ಸರಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆನ್ನುತ್ತದೆ. ಆದರೆ 31ನೆಯ ಪ್ರಕರಣವು ಉಚಿತ ಶಿಕ್ಷಣದ ಹಕ್ಕನ್ನು ಕೊಡುವುದು ಆರರಿಂದ ಹದಿನೆಂಟು ವರ್ಷದವರಿಗೆ, ಅದೂ ಶೇಕಡಾ 40ರ ಪ್ರಮಾಣಪತ್ರ ಉಳ್ಳವರಿಗೆ. ಗುರುತಿಸುವುದು ಮೊದಲ ವರ್ಷದಿಂದ; ಕಲಿಸುವ ಖಾತರಿ ಆರನೆಯ ವರ್ಷದಿಂದ. ನಡುವಿನ ವರ್ಷಗಳನ್ನು ಮನೆಯವರೇ ನಿಭಾಯಿಸಬೇಕು. ಮಾತು, ಆಟ, ಇತರರ ಅನುಕರಣೆ ಇವೆಲ್ಲ ವೇಗವಾಗಿ ಬೆಳೆಯುವುದಾದರೋ ಆ ವರ್ಷಗಳಲ್ಲಿಯೇ.

ಈ ಅಂತರವು ನಮ್ಮ ಮೂರು ತಾಲೂಕುಗಳಲ್ಲಿ ಇನ್ನಷ್ಟು ಅಗಲವಾಗಿದೆ. ಬ್ರಹ್ಮಾವರದಿಂದ ಉಡುಪಿಗೆ ಸುಮಾರು 13 ಕಿಲೋಮೀಟರು, ಕುಂದಾಪುರದಿಂದ 38, ಬೈಂದೂರಿನಿಂದ 70ರ ಆಸುಪಾಸು. ಹೆದ್ದಾರಿಯ ಅಂಚಿನವರಿಗೆ ಬಸ್ಸು ಸುಲಭ. ಕೊಲ್ಲೂರು, ಸಿದ್ದಾಪುರ, ಹೊಸಂಗಡಿಗಳ ಕಡೆಯ ಘಟ್ಟದ ಬುಡದ ಮನೆಗಳವರಿಗೆ ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ. ಅನೇಕ ಮನೆಗಳ ಗಂಡಸರು ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುತ್ತಾರೆ. ಗಂಗೊಳ್ಳಿಯಂತಹ ಊರುಗಳಲ್ಲಿ ಕಡಲಿನ ಮೇಲಿರುತ್ತಾರೆ. ಮಗುವನ್ನು ಎತ್ತಿಕೊಂಡು ಹೋಗಬೇಕಾದವಳು ತಾಯಿಯೊಬ್ಬಳೆ.

ನನಗೆ ತಿಳಿದ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ, ಹೆಸರು ಬೇಡ. ಹುಡುಗನಿಗೆ ಎರಡು ವರ್ಷವಾದರೂ ಮಾತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಆದರೆ ಚೆಂಡೆಯ ಸದ್ದು ಎಲ್ಲಿ ಕೇಳಿದರೂ ಓಡಿಬರುತ್ತಿದ್ದ. ಆದುದರಿಂದ ಕಿವಿ ಸರಿಯಿದೆಯೆಂದು ಮನೆಯವರಿಗೆ ಗೊತ್ತಿತ್ತು. “ಮಾಣಿಗ್ ಮಾತ್ ತಡ, ಬತ್ತ್ ಬಿಡಿ” ಎಂದು ಹಿರಿಯರು ಸಮಾಧಾನ ಹೇಳಿದರು. ಆಟಿಸಂ ಎಂಬ ಶಬ್ದ ಆ ಮನೆಗೆ ಬಂದಾಗ ಅವನಿಗೆ ನಾಲ್ಕು ವರ್ಷ. ಪ್ರಮಾಣಪತ್ರ ಬಂದಾಗ ಐದು ದಾಟಿತ್ತು. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಾಯಿ ವಾರಕ್ಕೆರಡು ದಿನ ಕೂಲಿ ಬಿಟ್ಟು ಮಗನನ್ನು ಮಾತಿನ ತರಬೇತಿಗೆ ಕರೆದೊಯ್ದಳು. ಕೆಲವು ತಿಂಗಳಲ್ಲಿ ಅದು ವಾರಕ್ಕೊಮ್ಮೆಯಾಯಿತು. ಬಳಿಕ ಹದಿನೈದು ದಿನಕ್ಕೊಮ್ಮೆ. ತರಬೇತಿಯ ಶುಲ್ಕ ಹೆಚ್ಚೇನೂ ಇರಲಿಲ್ಲ. ಅವಳನ್ನು ಸೋಲಿಸಿದ್ದು ಬಸ್ಸಿನ ಖರ್ಚು ಮತ್ತು ಹೋದ ಕೂಲಿ. ಆದಾಯ ತೆರಿಗೆಯ ರಿಯಾಯಿತಿ ತೆರಿಗೆ ಕಟ್ಟುವವರಿಗೆ ಉಪಕಾರಿ. ಇಂತಹ ತಾಯಿಗೆ ಅದರಿಂದ ಏನೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಗುರುತಿಸುವ ಕೆಲಸವನ್ನು ತಾಯಂದಿರು ಹೇಗೂ ಬರುವ ಕಡೆಗೆ ತರಬೇಕು. ದಡಾರ–ರುಬೆಲ್ಲಾ ಲಸಿಕೆಯ ಎರಡನೆಯ ಡೋಸನ್ನು ಮಗುವಿಗೆ 16ರಿಂದ 24 ತಿಂಗಳೊಳಗೆ ಹಾಕಿಸುತ್ತಾರೆ. ಹೊರದೇಶಗಳಲ್ಲಿ ಬಳಕೆಯಲ್ಲಿರುವ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ 16ರಿಂದ 30 ತಿಂಗಳ ಮಕ್ಕಳಿಗಾಗಿಯೇ ರಚಿತವಾದುದು. ಲಸಿಕೆಯ ದಿನವೇ ಇಂತಹ ಪ್ರಶ್ನೆಗಳನ್ನು ಕೇಳಿದರೆ ಪ್ರತ್ಯೇಕ ಪ್ರಯಾಣ ಬೇಕಿಲ್ಲ. (ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂದು ಸೂಚಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ಆ ಭಯಕ್ಕೆ ಆಧಾರವಿಲ್ಲ.) ಪ್ರಶ್ನೆಗಳು ಪುಸ್ತಕದ ಕನ್ನಡದಲ್ಲಿದ್ದರೆ ಸಾಲದು, ಕುಂದಗನ್ನಡ, ಕೊಂಕಣಿ, ತುಳು, ಉರ್ದು, ಯಾವುದು ಮನೆಯ ಮಾತೋ ಅದರಲ್ಲಿ ಇರಬೇಕು.

ಎರಡನೆಯದಾಗಿ, ಸಂದೇಹ ಬಂದ ದಿನದಿಂದಲೇ ಕಲಿಸುವ ಕೆಲಸ ಆರಂಭವಾಗಬೇಕು, ಪ್ರಮಾಣಪತ್ರಕ್ಕಾಗಿ ಕಾಯಬಾರದು. ಪಿಂಚಣಿಗೆ, ವಿಮೆಗೆ ಪ್ರಮಾಣಪತ್ರ ಕೇಳುವುದು ನ್ಯಾಯವೇ. ಎರಡು ವರ್ಷದ ಮಗುವಿನೊಡನೆ ಹೇಗೆ ಆಡಬೇಕೆಂಬುದನ್ನು ತಾಯಿಗೆ ತೋರಿಸಿಕೊಡಲು ಅದೇತಕ್ಕೆ?

ಮೂರನೆಯದಾಗಿ, ತಜ್ಞರ ಅಭಾವವನ್ನು ನೆಪವಾಗಿಸಬಾರದು. ನಮ್ಮದೇ ಕಡಲತೀರದ ಗೋವೆಯಲ್ಲಿ, ಪಾಕಿಸ್ತಾನದ ರಾವಲ್ಪಿಂಡಿಯ ಜೊತೆಗೆ, ನಡೆದ ಒಂದು ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆಟಿಸಂ ಉಳ್ಳ 65 ಮಕ್ಕಳು ಅದರಲ್ಲಿದ್ದರು. ತಜ್ಞರಲ್ಲದ, ಆದರೆ ತರಬೇತಿ ಹೊಂದಿದ ಕಾರ್ಯಕರ್ತರು ಅವರಲ್ಲಿ ಒಂದು ಗುಂಪಿನ ತಂದೆತಾಯಿಯರಿಗೆ, ಮಗುವಿನ ಗಮನ ಹೋದ ಕಡೆಗೆ ತಾವೂ ಹೋಗಿ ಅದರೊಡನೆ ವ್ಯವಹರಿಸುವ ಕ್ರಮವನ್ನು ಕಲಿಸಿದರು. ಆ ಗುಂಪಿನ ಮಕ್ಕಳು ತಾವಾಗಿಯೇ ಸಂಪರ್ಕಕ್ಕೆ ತೊಡಗುವುದು ಹೆಚ್ಚಿತು. ಗೋವೆಯಲ್ಲಿ ಆದದ್ದು ಕುಂದಾಪುರದಲ್ಲಿ ಏಕೆ ಆಗಬಾರದು? ನಮ್ಮಲ್ಲಿ ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವೈಕಲ್ಯವುಳ್ಳ ಮಕ್ಕಳಿಗಾಗಿ ಅಂಗನವಾಡಿಗಳು ಅನುಸರಿಸಬೇಕಾದ ಕ್ರಮವನ್ನು ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ಹೊರಡಿಸಿದೆ. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ಶಾಸ್ತ್ರದ ಶಿಕ್ಷಣವಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಕಲಿತ ಒಬ್ಬೊಬ್ಬ ತಜ್ಞರು ಮೂರು ತಾಲೂಕು ಕೇಂದ್ರಗಳ ಸರಕಾರಿ ಆಸ್ಪತ್ರೆಗಳಲ್ಲಿ ವಾರದ ಗೊತ್ತಾದ ದಿನಗಳಲ್ಲಿ ಕುಳಿತು ಈ ಕಾರ್ಯಕರ್ತರಿಗೆ ಮಾರ್ಗದರ್ಶನ ಮಾಡಿದರೆ ಹೆಚ್ಚಿನ ಕೆಲಸ ಹಳ್ಳಿಯಲ್ಲಿಯೇ ಸಾಗೀತು.

ನಾಲ್ಕನೆಯದು ಹಣ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದ ಶೇಕಡಾ 5ನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ಒಂದು ಪಂಚಾಯತಿಯ ಪಾಲು ಚಿಕ್ಕದು. ಹಂಚಿ ಕೊಟ್ಟರೆ ಯಾರಿಗೂ ಸಾಲದು. ನಾಲ್ಕಾರು ಪಂಚಾಯತಿಗಳು ಕೂಡಿ ಅದರ ಒಂದಂಶದಿಂದ ತಾಯಂದಿರ ಪ್ರಯಾಣದ ಖರ್ಚನ್ನೂ ತರಬೇತಿಯ ದಿನದ ಕೂಲಿಯನ್ನೂ ಭರಿಸಬಹುದು. ಆರು ವರ್ಷ ದಾಟಿದವರ ಹೊಣೆ ಶಿಕ್ಷಣ ಇಲಾಖೆಯದು. ಪ್ರಾಥಮಿಕದಲ್ಲಿ ಇಂತಹ ಹತ್ತು ಮಕ್ಕಳಿಗೊಬ್ಬ, ಅದರ ಮೇಲೆ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಕೇಂದ್ರ ಸರಕಾರ 2022ರಲ್ಲಿ ಗೊತ್ತುಮಾಡಿತು. ಅದರಂತೆ ಹುದ್ದೆಗಳನ್ನು ಮಂಜೂರು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಪ್ರತ್ಯೇಕ ಶಿಕ್ಷಣ ವಲಯಗಳಾದುದರಿಂದ ಎಲ್ಲಿ ಎಷ್ಟು ಮಕ್ಕಳು, ಎಷ್ಟು ಹುದ್ದೆ ಎಂದು ವಲಯವಾರು ಲೆಕ್ಕ ಕೇಳುವುದು ಕಷ್ಟವೇನಲ್ಲ.

ಒಂದು ಆಕ್ಷೇಪ ಬರಬಹುದು. ಮಾತು ತಡವಾದ ಮಕ್ಕಳಲ್ಲಿ ಅನೇಕರು ತಾವಾಗಿಯೇ ಸರಿಹೋಗುತ್ತಾರೆ. ಇಷ್ಟು ಬೇಗ ಸಂದೇಹಪಟ್ಟರೆ ತಂದೆತಾಯಿಯರಿಗೆ ವೃಥಾ ಭಯ, ಸರಕಾರಕ್ಕೆ ವೃಥಾ ವ್ಯಯವಲ್ಲವೇ? ಮಾತಿನಲ್ಲಿ ಸತ್ಯಾಂಶವಿದೆ. ಆದರೆ ತಾಯಿ ನೆಲದ ಮೇಲೆ ಕುಳಿತು ಮಗುವಿನೊಡನೆ ಆಡಲು ಕಲಿತುದರಿಂದ ಯಾವ ಮಗುವಿಗೂ ಕೇಡಾಗಲಾರದು. ಅನಾವಶ್ಯಕವಾಗಿ ಆಡಿದ ಆಟದ ನಷ್ಟ ಅಲ್ಪ. ಅವಶ್ಯವಿದ್ದೂ ಆಡದ ಆಟದ ನಷ್ಟ ಅಪಾರ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಮಗುವನ್ನು ಬಗ್ಗಿಸಿ ಇತರರಂತೆ ತೋರುವ ಹಾಗೆ ಮಾಡುವುದು ನಮ್ಮ ಗುರಿಯಾಗಬಾರದು. ಹಸಿವು, ನೋವು, ಬೇಕು, ಬೇಡ ಎಂಬುದನ್ನು ಮಾತಿನಿಂದಲೋ, ಚಿತ್ರದಿಂದಲೋ, ಸನ್ನೆಯಿಂದಲೋ ತಿಳಿಸುವ ದಾರಿಯೊಂದನ್ನು ಅದಕ್ಕೆ ಒದಗಿಸಿದರೆ ಅದು ದೊಡ್ಡ ಕೆಲಸವೇ ಸರಿ.

ನಮ್ಮಂತಹ ವಿದ್ಯಾರ್ಥಿಗಳ ಪಾಲಿಗೂ ಕೆಲಸವಿದೆ. ನಮ್ಮಲ್ಲಿ ಅನೇಕರು ಮುಂದೆ ಶಿಕ್ಷಕರಾಗುವವರು, ಪಂಚಾಯತಿಯ ಸದಸ್ಯರಾಗುವವರು, ತಂದೆತಾಯಿಯರಾಗುವವರು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಈ ಚಿಹ್ನೆಗಳನ್ನು ಮನೆಯ ಮಾತಿನಲ್ಲಿ ತಿಳಿಸಬಹುದು. ಗ್ರಾಮಸಭೆಯಲ್ಲಿ ಎದ್ದು ನಿಂತು, ಶೇಕಡಾ 5ರ ಹಣದಲ್ಲಿ ಆರು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಎಷ್ಟು ಹೋಯಿತೆಂದು ಕೇಳಬಹುದು. ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಆ ಪ್ರಶ್ನೆ ಒಮ್ಮೆ ದಾಖಲಾದರೆ, ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಬೇಕಾಗುತ್ತದೆ.