ಅಳುವಿಗೆ ಬಿರಡೆ ಹಾಕುವ ಮೊದಲು

"ಅಜ್ಜೀ, ಕೂಸಿಗೆ ನಿಪ್ಪಲ್ ಕೊಡಲಾ, ಬೇಡವಾ? ಒಂದೇ ಮಾತಲ್ಲಿ ಹೇಳಿಬಿಡು" ಅಂತ ನಿನ್ನೆ ಫೋನಿನಲ್ಲಿ ಕೇಳಿದೆ. ನಿನಗೆ ಚಿಕ್ಕಂದಿನಿಂದಲೂ ಎಲ್ಲ ಒಂದೇ ಮಾತಿನಲ್ಲಿ ಆಗಬೇಕು. ಹುರುಳಿ ನೆನೆಹಾಕಿದ ಮರುಗಳಿಗೆಗೇ ಮೊಳಕೆ ಬಂತಾ ಅಂತ ಬಟ್ಟೆ ಬಿಚ್ಚಿ ನೋಡುತ್ತಿದ್ದವಳು ನೀನು. ಈಗ ಇಪ್ಪತ್ತು ದಿನದ ಬಾಣಂತಿ. ನಿದ್ದೆಗೆಟ್ಟು ಕಣ್ಣು ಉರಿಯುತ್ತಿದೆ, ಸೊಂಟ ಹಿಡಿದುಕೊಂಡಿದೆ, ಕೂಸು ಸಂಜೆಯಾದರೆ ಶುರು ಹಚ್ಚಿಕೊಳ್ಳುತ್ತದೆ. ನಿನ್ನ ಗಂಡ ಆನ್‌ಲೈನಿನಲ್ಲಿ ಬಣ್ಣಬಣ್ಣದ ನಾಲ್ಕು ನಿಪ್ಪಲ್ ತರಿಸಿ ಇಟ್ಟಿದ್ದಾನೆ. ಪಕ್ಕದ ಮನೆಯವರು ಹಲ್ಲು ಉಬ್ಬುತ್ತದೆ ಅಂತ ಹೆದರಿಸಿದ್ದಾರೆ. ನಿನ್ನ ಪಾಡು ನನಗೆ ಅರ್ಥವಾಗುತ್ತದೆ. ಆದರೂ ಒಂದೇ ಮಾತಿನಲ್ಲಿ ಹೇಳಲಾರೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಓದು.

ಮೊದಲು ಒಂದು ವಿಷಯ ತಿಳಿದುಕೋ. ಚೀಪುವುದು ಕೂಸಿನ ಹುಟ್ಟುಗುಣ. ಹೊಟ್ಟೆಯಲ್ಲಿರುವಾಗಲೇ ಅವು ಬೆರಳು ಚೀಪುತ್ತವೆ, ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ಹಸಿದಾಗ ಹಾಲಿಗಾಗಿ ಚೀಪುತ್ತವೆ, ಹೊಟ್ಟೆ ತುಂಬಿದ ಮೇಲೂ ಸಮಾಧಾನಕ್ಕೆ ಚೀಪುತ್ತವೆ. ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಲು ನೀನು ಕಲಿತೆಯಾದರೆ ನಿಪ್ಪಲ್ ಮಾತು ಸುಲಭ. ಕಲಿಯುವ ಮೊದಲೇ ಕೊಟ್ಟೆಯಾದರೆ ಮೋಸ ಹೋಗುತ್ತೀಯ.

ನಿನ್ನ ಚಿಕ್ಕಮ್ಮನ ಚೊಚ್ಚಲ ಬಾಣಂತನ ಮಾಡಿದವಳು ನಾನೇ. ಅವಳೂ ನಿನ್ನ ಹಾಗೇ ಆತುರದವಳು. ಎರಡನೇ ವಾರಕ್ಕೇ ನಿಪ್ಪಲ್ ಬಂತು. ಕೂಸು ಅಳುವುದೇ ಇಲ್ಲ! ಬಂದವರೆಲ್ಲ "ಎಷ್ಟು ಜಾಣ ಕೂಸು" ಅಂತ ದೃಷ್ಟಿ ತೆಗೆದು ಹೋದರು. ನನಗೂ ಹಿಗ್ಗು. ಒಂದು ದಿನ ಕೂಸಿಗೆ ಎರೆಯಲು ಮಣೆಯ ಮೇಲೆ ಕೂತು ಕಾಲು ಚಾಚಿ ಮಲಗಿಸಿಕೊಂಡೆ. ಎಣ್ಣೆ ಹಚ್ಚುವಾಗ ಪ್ರತಿದಿನ ತೊಡೆಯ ಮಡಿಕೆಯೊಳಗೆ ಬೆರಳು ಹಾಕಿ ಒರೆಸುತ್ತಿದ್ದೆ. ಅವತ್ತು ಆ ಮಡಿಕೆಯೇ ಕೈಗೆ ಸಿಗಲಿಲ್ಲ. ಚರ್ಮ ಸಡಿಲವಾಗಿ ಜಾರುತ್ತಿತ್ತು. ಎದೆ ಧಸಕ್ಕೆಂದಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೂಕ ಹಾಕಿಸಿದರೆ ಹುಟ್ಟಿದ ದಿನಕ್ಕಿಂತ ಕಡಿಮೆ. ಜಾಣ ಕೂಸಲ್ಲ, ಹಸಿದ ಕೂಸು ಅದು. ಹಸಿವಾದಾಗಲೆಲ್ಲ ರಬ್ಬರು ಚೀಪಿ ದಣಿದು ಮಲಗುತ್ತಿತ್ತು. ಅವತ್ತೇ ನಿಪ್ಪಲ್ ಎತ್ತಿಟ್ಟು, ಎರಡು ಗಂಟೆಗೊಮ್ಮೆ ಎದೆಗೆ ಹಾಕಿಸಿದೆವು. ಹತ್ತು ದಿನಕ್ಕೆ ಮಡಿಕೆ ಮರಳಿ ಬಂತು. ಆಮೇಲೆಯೇ ನನಗೆ ನಿದ್ದೆ ಹತ್ತಿದ್ದು.

ಹಾಲಿನ ಲೆಕ್ಕ ಸರಳ. ಕೂಸು ಎಷ್ಟು ಚೀಪುತ್ತದೋ ಹಾಲು ಅಷ್ಟು ಇಳಿಯುತ್ತದೆ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಎದೆಗೆ ಹಾಕಬೇಕು. ಅದರಲ್ಲಿ ನಾಲ್ಕು ಸಲವನ್ನು ನಿಪ್ಪಲ್ ಕಸಿದುಕೊಂಡರೆ ನಿನ್ನ ಎದೆ "ಇಷ್ಟೇ ಸಾಕು" ಅಂದುಕೊಂಡು ಹಾಲು ಕಡಿಮೆ ಮಾಡುತ್ತದೆ. ಆಮೇಲೆ ಹಾಲೇ ಬರುತ್ತಿಲ್ಲ ಅಂತ ಕಣ್ಣೀರು ಹಾಕುವವಳೂ ನೀನೇ. ಅದಕ್ಕೇ ಹೇಳುವುದು, ಹಾಲು ನೆಲೆ ನಿಲ್ಲುವವರೆಗೆ, ಮೂರು ನಾಲ್ಕು ವಾರ, ತಡಿ. ಹುಟ್ಟಿದ ತೂಕ ಎರಡು ವಾರದೊಳಗೆ ಮರಳಿ ಬಂದಿರಬೇಕು. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಇವೆರಡು ಸರಿಯಿದ್ದರೆ ನಿನ್ನ ಹಾಲಿನ ಮೇಲೆ ಯಾರು ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡ.

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಅನ್ನುತ್ತಾರೆ. ಆದರೆ ಅಳುವ ತನಕ ನೀನೂ ಕಾಯಬೇಡ. ಅಳು ಹಸಿವಿನ ಕೊನೆಯ ಮಾತು. ಅದಕ್ಕೂ ಮೊದಲೇ ಕೂಸು ಬಾಯಿ ಚಪ್ಪರಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ಸೆರಗು ತಾಗಿದರೂ ಆ ಕಡೆಗೆ ಮುಖ ತಿರುಗಿಸಿ ಬಾಯಿ ತೆರೆಯುತ್ತದೆ. ಫೋನು ಕೆಳಗಿಟ್ಟು ಒಂದು ದಿನ ಪೂರ್ತಿ ಬರೀ ಇದನ್ನೇ ನೋಡು. ಹೊಟ್ಟೆ ತುಂಬಿಯೂ ಅತ್ತರೆ ತೇಗು ಬಂದಿಲ್ಲವೇನೋ, ಹೆಗಲಿಗೆ ಹಾಕಿಕೊಂಡು ಬೆನ್ನು ನೇವರಿಸು. ಬಟ್ಟೆ ಒದ್ದೆಯೇ? ಸ್ವೆಟರು, ಟೋಪಿ, ಕಂಬಳಿ ಅಂತ ಹೊದಿಸಿ ಸೆಕೆ ಮಾಡಿದ್ದೀಯಾ? ಏನೂ ಇಲ್ಲದೆ ಬರೀ ಎತ್ತಿಕೊಳ್ಳಲಿ ಅಂತಲೂ ಅಳುತ್ತವೆ. ಎತ್ತಿಕೋ. ಕೈಹತ್ತಿಸಿದರೆ ಕೆಟ್ಟುಹೋಗುತ್ತದೆ ಅನ್ನುವ ಮಾತು ಇಪ್ಪತ್ತು ದಿನದ ಕೂಸಿಗೆ ಸಲ್ಲದು. ಆರನೇ ವಾರದ ಸುಮಾರಿಗೆ ಅಳು ಇನ್ನೂ ಏರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆದರೆ ಮೈ ಬಿಸಿಯಿದ್ದರೆ, ಹಾಲು ಬಿಟ್ಟರೆ, ಅಳು ಎಂದಿನಂತಿರದೆ ಕೀರಲಾದರೆ ನನ್ನನ್ನೂ ಕೇಳಬೇಡ, ನಿಪ್ಪಲನ್ನೂ ಹುಡುಕಬೇಡ, ನೇರ ಡಾಕ್ಟರ ಹತ್ತಿರ ಓಡು.

ಹಾಗಾದರೆ ನಿಪ್ಪಲ್ ಕೆಟ್ಟದ್ದಾ ಅಂತ ಕೇಳಬೇಡ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ನವರು 1989ರಲ್ಲಿ ಎದೆಹಾಲೂಡಿಸಲು ಹತ್ತು ಸೂತ್ರ ಕೊಟ್ಟಾಗ, ಎದೆಹಾಲು ಕುಡಿಯುವ ಕೂಸಿಗೆ ಇದನ್ನು ಕೊಡಲೇಬೇಡಿ ಅಂದಿದ್ದರು. 2018ರಲ್ಲಿ ಅದನ್ನು ತಿದ್ದಿ, ಬಳಕೆ ಹೇಗೆ, ತೊಂದರೆ ಏನು ಅಂತ ತಾಯಿಗೆ ತಿಳಿಸಿಹೇಳಿ ಅಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯವರು ಮಲಗಿಸುವಾಗ ನಿಪ್ಪಲ್ ಕೊಡಿ ಅಂತಲೇ ಹೇಳುತ್ತಾರೆ. ಕಾರಣವೇ ತಿಳಿಯದೆ ಹಸುಗೂಸು ನಿದ್ದೆಯಲ್ಲೇ ಹೋಗಿಬಿಡುವ ಅಪಾಯ ಅದರಿಂದ ಕಡಿಮೆ ಅಂತ ಅವರು ಕಂಡುಕೊಂಡಿದ್ದಾರೆ. ಆದರೆ ಎದೆಹಾಲು ನೆಲೆ ನಿಂತ ಮೇಲೆ ಮಾತ್ರ ಅನ್ನುವುದನ್ನು ಅವರೂ ಸೇರಿಸುತ್ತಾರೆ. ಕೂಸನ್ನು ಅಂಗಾತ ಮಲಗಿಸುವುದನ್ನಂತೂ ತಪ್ಪಿಸಬಾರದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಚೀಪುವ ಅಭ್ಯಾಸವಾಗಲಿ ಅಂತ ಆಸ್ಪತ್ರೆಯಲ್ಲೇ ನಿಪ್ಪಲ್ ಕೊಡುವುದುಂಟು. ಸೂಜಿ ಚುಚ್ಚುವಾಗ ನೋವು ಮರೆಸಲೂ ಆಗುತ್ತದೆ. ನೀನು ನೀರು ಹಾಕಿಕೊಂಡು ಬರುವ ಹತ್ತು ನಿಮಿಷ ಅಪ್ಪನ ಕೈಯಲ್ಲಿ ಕೂಸು ಸಮಾಧಾನವಾಗಿರಲಿ ಅಂತ ಕೊಟ್ಟರೂ ಪಾಪವಿಲ್ಲ. ಕೊಟ್ಟ ತಾಯಿ ಸೋಮಾರಿಯಲ್ಲ, ಕೊಡದ ತಾಯಿ ಕಲ್ಲೆದೆಯವಳೂ ಅಲ್ಲ.

ಕೊಡುವುದಾದರೆ ನೆಟ್ಟಗೆ ಕೊಡು. ತುಂಡುಗಳನ್ನು ಜೋಡಿಸಿದ್ದು ಬೇಡ, ಇಡಿಯಾಗಿ ಅಚ್ಚು ಹಾಕಿದ್ದು ತಗೋ. ಸುತ್ತಲಿನ ಬಿಲ್ಲೆ ಕೂಸಿನ ಬಾಯಿಗಿಂತ ಅಗಲವಿರಲಿ, ಅದರಲ್ಲಿ ಗಾಳಿಯಾಡುವ ತೂತಿರಲಿ. ಮೊದಲ ಸಲ ಐದು ನಿಮಿಷ ಕುದಿಸು. ಬಿರುಕು ಕಂಡರೆ, ಅಂಟಂಟಾದರೆ ಬಿಸಾಕು. ಕೆಳಗೆ ಬಿದ್ದದ್ದನ್ನು ನಿನ್ನ ಬಾಯಿಗೆ ಹಾಕಿ ಚೀಪಿ ಕೂಸಿಗೆ ಕೊಡಬೇಡ, ನಿನ್ನ ಹಲ್ಲಿನ ಹುಳುಕು ಅದರ ಬಾಯಿಗೆ ಹೋಗುತ್ತದೆ. ಕಳೆದುಹೋಗುತ್ತದೆ ಅಂತ ಕರಿದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟುವ ಬುದ್ಧಿವಂತಿಕೆ ಮಾಡಲೇಬೇಡ. ಮಗ್ಗಲು ಹೊರಳಿದರೆ ಅದೇ ಉರುಳು. ಇನ್ನು ನಮ್ಮ ಕಾಲದ ತಪ್ಪು ಒಂದಿದೆ, ಅದನ್ನು ಮುಂದುವರಿಸಬೇಡ. ಬಟ್ಟೆಯ ತುದಿಗೆ ಸಕ್ಕರೆ ಗಂಟು ಕಟ್ಟಿ ಬಾಯಿಗಿಡುತ್ತಿದ್ದರು, ಜೇನು ಸವರುತ್ತಿದ್ದರು. ವರ್ಷ ತುಂಬದ ಕೂಸಿಗೆ ಜೇನು ವಿಷವಾಗಬಹುದು, ಅದರಲ್ಲಿರುವ ರೋಗಾಣುವನ್ನು ತಡೆಯುವ ಶಕ್ತಿ ಆ ಕರುಳಿಗಿಲ್ಲ. ಯಾವ ಹಿರಿಯರು ಹೇಳಿದರೂ ಕೈ ಮುಗಿದು ಬೇಡ ಅನ್ನು. ನಾನು ಹೇಳಿದ್ದೇನೆ ಅಂತ ಹೇಳು.

ನಿದ್ದೆಯಲ್ಲಿ ಬಾಯಿಂದ ಬಿತ್ತೋ, ಬೀಳಲಿ ಬಿಡು. ನಿನ್ನ ಅತ್ತಿಗೆ ರಾತ್ರಿ ನಾಲ್ಕು ಸಲ ಎದ್ದು ಟಾರ್ಚು ಹಿಡಿದು ಅದನ್ನು ಹುಡುಕಿ ಬಾಯಿಗೆ ತುರುಕುತ್ತಿದ್ದಳು. ಕೂಸು ಮಲಗಿತ್ತು, ತಾಯಿ ಎದ್ದಿದ್ದಳು. ಮಲಗಿದ ಕೂಸಿಗೆ ಅದನ್ನು ಮರಳಿ ಇಡಬೇಕಾಗಿಲ್ಲ. ಕೂಸು ಬೇಡವೆಂದು ಉಗಿದರೆ ಒತ್ತಾಯವೂ ಬೇಡ.

ಕೊಡುವಾಗಲೇ ಬಿಡಿಸುವ ದಿನವನ್ನೂ ಮನಸ್ಸಿನಲ್ಲಿಡು. ಆರು ತಿಂಗಳಾದ ಮೇಲೂ ಸದಾ ಚೀಪುತ್ತಿದ್ದರೆ ಕಿವಿ ಸೋರುವ, ಕಿವಿ ನೋಯುವ ಕಾಟ ಹೆಚ್ಚುತ್ತದೆ. ಆಗಿನಿಂದ ನಿದ್ದೆಗೆ ಮಾತ್ರ ಅಂತ ಕಡಿಮೆ ಮಾಡುತ್ತ ಬಾ. ಎರಡು ಮೂರು ವರ್ಷ ದಾಟಿಯೂ ಬಿಡದಿದ್ದರೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡದೆ ನಡುವೆ ಸಂದಿ ಉಳಿಯುತ್ತದೆ. ಪಕ್ಕದ ಮನೆಯವರು ಹೆದರಿಸಿದ್ದು ಪೂರ್ತಿ ಸುಳ್ಳಲ್ಲ, ಹೊತ್ತಿಗೆ ಮುಂಚೆ ಹೆದರಿಸಿದರು, ಅಷ್ಟೆ.

ಬಿಡಿಸುವಾಗ ಮಾತ್ರ ಬೆದರಿಸಬೇಡ. ನಿನ್ನ ಅಪ್ಪ ಹೆಬ್ಬೆರಳು ಚೀಪುತ್ತಿದ್ದ. ನಾನು ಬೇವಿನೆಣ್ಣೆ ಸವರಿದೆ. ಅವನು ಅಳುತ್ತಳುತ್ತ ಆ ಕಹಿಯನ್ನೇ ಚೀಪಿ ಮಲಗಿದ. ಆ ಮುಖ ಇವತ್ತಿಗೂ ನನ್ನ ಕಣ್ಣಮುಂದಿದೆ. ಅವನಿಗೆ ಬೇಕಿದ್ದದ್ದು ಬೆರಳಲ್ಲ, ಪಕ್ಕದಲ್ಲಿ ನಾನು. ಮಾರನೇ ದಿನದಿಂದ ಮಲಗಿಸುವಾಗ ಅವನ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು ಕತೆ ಹೇಳತೊಡಗಿದೆ. ಎರಡು ತಿಂಗಳು ಹಿಡಿಯಿತು, ಬೆರಳು ತಾನಾಗಿ ಬಿಟ್ಟಿತು. ನಿಪ್ಪಲನ್ನಾದರೆ ಎತ್ತಿಡಬಹುದು, ಬೆರಳನ್ನು ಎಲ್ಲಿ ಎತ್ತಿಡುವುದು? ಆ ಲೆಕ್ಕದಲ್ಲಿ ನಿನ್ನ ಕೆಲಸ ನನ್ನದಕ್ಕಿಂತ ಹಗುರ.

ನೀನು ಒಳ್ಳೆಯ ತಾಯಿಯಾಗುತ್ತೀಯ, ನನಗೆ ಅನುಮಾನವಿಲ್ಲ. ಕೂಸು ಕೆಮ್ಮಿದರೆ ನಿದ್ದೆಯಲ್ಲೂ ಎದ್ದು ಕೂರುತ್ತೀಯಂತೆ, ನಿನ್ನ ಅಮ್ಮ ಹೇಳಿದಳು. ಆ ಎಚ್ಚರ ಸಾಕು, ಅದರ ಜೊತೆಗೆ ಚೂರು ನಿಧಾನ ಬೇಕು, ಅಷ್ಟೆ. ಇವತ್ತು ಸಂಜೆ ಕೂಸು ಅತ್ತಾಗ ನಿಪ್ಪಲ್ ಡಬ್ಬಿ ತೆಗೆಯುವ ಮೊದಲು ಮುಖ ನೋಡು, ಕೆನ್ನೆ ಮುಟ್ಟು, ಬಾಯಿ ಯಾವ ಕಡೆ ತಿರುಗಿತು ಅಂತ ಗಮನಿಸು. ಗಂಡ ತರಿಸಿದ ಆ ನಾಲ್ಕನ್ನು ಬಿಸಾಕಬೇಡ, ಇನ್ನೊಂದು ವಾರ ಹತ್ತು ದಿನ ಕಪಾಟಿನಲ್ಲಿರಲಿ. ನಾಳೆ ಆಸ್ಪತ್ರೆಗೆ ಹೋಗಿ ತೂಕ ಹಾಕಿಸಿ ನನಗೆ ಫೋನು ಮಾಡು. ಕೂಸಿನ ತೂಕ ಎಷ್ಟು ಅಂತ ಮೊದಲು ಹೇಳು, ನಿಪ್ಪಲ್ ಮಾತು ಆಮೇಲೆ ಆಡೋಣ.